ಉಸಿರು ಜಗ್ಗುವವರು ಯಾರು? ಮೀರಜ–ಬೆಳಗಾವಿ ಹಳಿಗುಂಟ ಒಂದು ಇತಿಹಾಸ

2021ರ ಮೇ ತಿಂಗಳು. ಎರಡನೇ ಅಲೆಯ ಹೊತ್ತಿಗೆ ನಮ್ಮ ಮನೆಗೆ ಒಂದು ಪ್ಲಾಸ್ಟಿಕ್ ಡಬ್ಬಿ ಬಂತು. ಮೂರು ಕೊಳವೆ, ಒಳಗೆ ಮೂರು ಬಣ್ಣದ ಗುಂಡು, ಪಕ್ಕಕ್ಕೊಂದು ಪೈಪು. ಔಷಧ ಕೊಟ್ಟವರು ಅವಸರದಲ್ಲಿ "ದಿನಾ ನಾಕ್ ಸಲ ಗುಂಡು ಏರಸ್ರಿ" ಎಂದಷ್ಟೇ ಹೇಳಿ ಕಳಿಸಿದ್ದರು. ನಾವು ಅಜ್ಜನ ಕೈಗೆ ಪೈಪು ಕೊಟ್ಟು ಊದಲು ಹೇಳಿದೆವು. ಅಜ್ಜ ಊದಿದರು. ಒಲೆಗೆ ಊದುಗೊಳವಿ ಊದಿದ ಎದೆ ಅದು, ಆದರೂ ಗುಂಡು ಮಿಸುಕಲಿಲ್ಲ. "ಇದು ಕೆಟ್ಟೈತಿ, ವಾಪಸ್ ಕೊಟ್ಟ ಬಾ" ಎಂದರು. ನಾಲ್ಕನೇ ದಿನ ಪರಿಚಯದ ನರ್ಸ್ ಒಬ್ಬರು ಫೋನಿನಲ್ಲಿ ನಕ್ಕು ಹೇಳಿದರು: "ಅದು ಊದೂದಲ್ಲರೀ, ಜಗ್ಗೂದು."

ನಾಲ್ಕು ದಿನ ಉಲ್ಟಾ ಮಾಡಿದ್ದೆವು. ಊದುವುದಕ್ಕೆ ದುಡಿಯುವ ಸ್ನಾಯುಗಳೇ ಬೇರೆ, ಜಗ್ಗುವುದಕ್ಕೆ ದುಡಿಯುವವೇ ಬೇರೆ ಎನ್ನುವುದು ಪತ್ರಿಕೋದ್ಯಮ ಓದಿದ ನಮಗೂ ಗೊತ್ತಿರಲಿಲ್ಲ. ಆಮೇಲೆ ಹುಡುಕುತ್ತಾ ಹೋದಾಗ ತಿಳಿದದ್ದು, ಈ ವಿದ್ಯೆಯ ದೊಡ್ಡ ದೊಡ್ಡ ಕತೆಗಳು ನಮ್ಮ ಮನೆಯ ಹಿಂದಿನ ರೈಲು ಹಳಿಗುಂಟವೇ ನಡೆದಿವೆ. ಮೀರಜ, ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಘಟಪ್ರಭಾ, ಸುಳೇಭಾವಿ, ಬೆಳಗಾವಿ. ಆ ಹಳಿಯ ಮೇಲೆಯೇ ಹೋಗೋಣ. ಅದಕ್ಕೂ ಮೊದಲು ಮನೆಯಲ್ಲೇ ಒಂದು ಪರೀಕ್ಷೆ.

ಅಂಗಾತ ಮಲಗಿ. ಹೊಟ್ಟೆಯ ಮೇಲೆ ಖಾಲಿ ತಂಬಗಿ ಇಟ್ಟುಕೊಳ್ಳಿ. ಒಂದು ಕೈಯ ಬೆರಳು ಕುತ್ತಿಗೆಯ ಪಕ್ಕಕ್ಕೆ, ಕಿವಿಯ ಹಿಂದಿನಿಂದ ಹೆಗಲ ಮುಂದಿನ ಎಲುಬಿಗೆ ಇಳಿಯುವ ದಪ್ಪ ಸ್ನಾಯುವಿನ ಮೇಲೆ ಇರಲಿ. ಸುಮ್ಮನೆ ಉಸಿರಾಡಿ. ತಂಬಗಿ ಮೇಲೆ ಕೆಳಗೆ ಆಗುತ್ತದೆ, ಕುತ್ತಿಗೆ ಮೆತ್ತಗಿರುತ್ತದೆ. ಈಗ ಒಮ್ಮೆಲೇ ಜೋರಾಗಿ, ಎದೆಯುಬ್ಬಿಸಿ ಎಳೆಯಿರಿ. ಕುತ್ತಿಗೆಯ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತದೆ.

ತಂಬಗಿಯನ್ನು ಎತ್ತಿದ್ದು ವಪೆ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಹರಡಿದ ಸ್ನಾಯು. ಅದು ಬಿಗಿದಾಗ ಕೆಳಗಿಳಿಯುತ್ತದೆ, ಎದೆಗೂಡು ದೊಡ್ಡದಾಗುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ಶ್ವಾಸಕೋಶಕ್ಕೆ ಸ್ವಂತ ಸ್ನಾಯು ಇಲ್ಲ. ಅದು ಜೋಡಿ ಚೀಲ, ಜಗ್ಗುವವರು ಬೇರೆ. ಕುಳಿತಿರುವಾಗ, ಮಲಗಿರುವಾಗ ಈ ಕೆಲಸದ ಹೆಚ್ಚಿನ ಪಾಲು ವಪೆಯದು, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಜೊತೆಗೆ ಕೈ ಹಾಕುತ್ತವೆ. ಕುತ್ತಿಗೆಯವು ಕಷ್ಟಕಾಲದ ಆಳುಗಳು. ಓಡುವಾಗ, ದಮ್ಮು ಹತ್ತಿದಾಗ ಬರುತ್ತವೆ. ಉಸಿರು ಬಿಡುವುದಕ್ಕೆ, ಆರಾಮಾಗಿರುವಾಗ, ಯಾರೂ ಬೇಕಿಲ್ಲ. ಎಳೆದ ರಬ್ಬರ್ ಬಿಟ್ಟಂತೆ ಶ್ವಾಸಕೋಶ ತಾನೇ ಕುಗ್ಗುತ್ತದೆ. ಜೋರಾಗಿ ಊದುವುದಿದ್ದರೆ ಮಾತ್ರ ಹೊಟ್ಟೆಯ ಸ್ನಾಯು ಬೇಕು. ಅಜ್ಜ ನಾಲ್ಕು ದಿನ ದುಡಿಸಿದ್ದು ಹೊಟ್ಟೆಯ ಸ್ನಾಯುವನ್ನು, ಡಬ್ಬಿ ಕೇಳುತ್ತಿದ್ದದ್ದು ವಪೆಯನ್ನು.

(ಆಶಾ ಅಕ್ಕನವರು ಕೂಸಿನ ಅಂಗಿ ಎತ್ತಿ ಪಕ್ಕೆ ನೋಡುವುದು ಇದೇ ಕಾರಣಕ್ಕೆ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೇದಿಕೊಂಡರೆ ನ್ಯುಮೋನಿಯಾ ಎಂದು ತಿಳಿದು ಕೂಡಲೇ ಆಸ್ಪತ್ರೆಗೆ ಕಳಿಸುತ್ತಾರೆ. ಇದನ್ನು ಮಾತ್ರ ಮರೆಯಬೇಡಿ.)

ಈಗ ಮೀರಜ. ಕಾಗವಾಡದವರಿಗೆ ಅದು ಬೇರೆ ರಾಜ್ಯ ಅನ್ನಿಸುವುದೇ ಇಲ್ಲ, ಸಂತೆಗೂ ದವಾಖಾನೆಗೂ ಅಲ್ಲಿಗೇ ಹೋಗುವುದು. ಅಲ್ಲಿಯ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಸಮಾಧಿ ಇದೆ. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿ ಮೀರಜದಲ್ಲಿ ನೆಲೆ ನಿಂತವರು, 1937ರಲ್ಲಿ ತೀರಿಕೊಂಡರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರ ಶಿಷ್ಯ. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಕಿರಾನಾ ಘರಾಣೆ ಕರ್ನಾಟಕದ ಮಣ್ಣಿಗೆ ಇಳಿದದ್ದು ಈ ಹಾದಿಯಲ್ಲಿ. ಒಂದೊಂದು ಸ್ವರದ ಮೇಲೆ ನಿಂತು, ಎಣ್ಣೆಯ ಧಾರೆ ಕಡಿಯದ ಹಾಗೆ ಹಾಡುವುದು ಆ ಘರಾಣೆಯ ಗುರುತು. ಹಾಗೆ ಹಾಡಬೇಕಾದರೆ ಗಂಟಲಷ್ಟೇ ಸಾಲದು, ಉಸಿರನ್ನು ಖರ್ಚು ಮಾಡುವ ಲೆಕ್ಕ ಗೊತ್ತಿರಬೇಕು.

ಆ ಲೆಕ್ಕ ಏನು? ಎದೆ ತುಂಬಾ ಗಾಳಿ ಎಳೆದು ಬಾಯಿ ತೆರೆದರೆ ಅದು ಬಲೂನಿನ ಗಾಳಿಯಂತೆ ಒಮ್ಮೆಲೇ ಹೊರಬೀಳಲು ನೋಡುತ್ತದೆ. ಹಾಡುಗಾರರು ಅದನ್ನು ತಡೆಯುತ್ತಾರೆ. ತಡೆಯುವುದು ಹೇಗೆಂದರೆ, ಉಸಿರು ಬಿಡುತ್ತಿರುವಾಗಲೂ ಉಸಿರೆಳೆಯುವ ಸ್ನಾಯುಗಳನ್ನು ಪೂರ್ತಿ ಸಡಿಲ ಬಿಡುವುದಿಲ್ಲ. ಘಾಟು ಇಳಿಯುವ ಟ್ರ್ಯಾಕ್ಟರಿಗೆ ಗೇರಿನಲ್ಲೇ ಹಿಡಿತ ಇಟ್ಟುಕೊಂಡ ಹಾಗೆ. ಗಾಳಿ ಅರ್ಧಕ್ಕಿಂತ ಕಡಿಮೆಯಾದ ಮೇಲೆ ಆ ಹಿಡಿತ ಬಿಟ್ಟು, ನಿಧಾನಕ್ಕೆ ಪಕ್ಕೆಯ ಒಳಪದರದ ಸ್ನಾಯು, ಆಮೇಲೆ ಹೊಟ್ಟೆಯ ಸ್ನಾಯು ಒತ್ತಲು ಶುರುಮಾಡುತ್ತವೆ. ಎಡಿನ್‌ಬರೋದಲ್ಲಿ ಡ್ರೇಪರ್, ಲ್ಯಾಡಿಫೋಗೆಡ್, ವಿಟ್ಟರಿಜ್ ಎಂಬ ಮೂವರು ಮಾತಾಡುವವರ ಸ್ನಾಯುಗಳ ವಿದ್ಯುತ್ತನ್ನು ಅಳೆದು ಇದನ್ನು ತೋರಿಸಿ ಪ್ರಕಟಿಸಿದ್ದು 1959ರಲ್ಲಿ. ಮೀರಜದಲ್ಲಿ ತಂಬೂರಿ ಮುಂದೆ ಕೂತ ಹುಡುಗರು ಅದನ್ನು ಅದಕ್ಕೂ ಎಷ್ಟೋ ವರ್ಷ ಮೊದಲೇ ಮಾಡುತ್ತಿದ್ದರು. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ನಮ್ಮ ಕಡೆಯ ಮದುವೆ, ಜಾತ್ರೆಗಳ ಸನಾದಿಯವರದು ಇನ್ನೊಂದು ಚಮತ್ಕಾರ. ನಾದ ಕಡಿಯದೆ ನಡೆಯುತ್ತಲೇ ಇರುತ್ತದೆ, ಇವರು ಉಸಿರು ತಗೊಳ್ಳುವುದು ಯಾವಾಗ? ಗಲ್ಲ ನೋಡಿ. ಗಲ್ಲದಲ್ಲಿ ಸ್ವಲ್ಪ ಗಾಳಿ ತುಂಬಿಟ್ಟುಕೊಂಡು, ಅದನ್ನು ಗಲ್ಲದ ಸ್ನಾಯುವಿನಿಂದ ಒತ್ತುತ್ತಿರುವಾಗಲೇ ಮೂಗಿನಿಂದ ಚಕ್ಕನೆ ಎಳೆದುಬಿಡುತ್ತಾರೆ. ಆ ಒಂದು ಗಳಿಗೆ ಊದುವ ಕೆಲಸ ಹೊಟ್ಟೆಯಿಂದ ಗಲ್ಲಕ್ಕೆ ವರ್ಗವಾಗುತ್ತದೆ. 1977ರ ಸಿನಿಮಾದಲ್ಲಿ ರಾಜಕುಮಾರ್ ಸನಾದಿ ಅಪ್ಪಣ್ಣನಾಗಿ ಕಂಡಾಗ ಹಿಂದೆ ಶಹನಾಯಿ ನುಡಿಸಿದ್ದು ಬಿಸ್ಮಿಲ್ಲಾ ಖಾನರು. ಜನ ಖಾನರನ್ನು ನೆನೆಯುತ್ತಾರೆ, ಓಣಿಯ ಸನಾದಿಯವರನ್ನು ಊಟದ ಪಂಕ್ತಿಯಲ್ಲಿ ಕೊನೆಗೆ ಕೂರಿಸುತ್ತಾರೆ. ಇದು ಈ ಲೇಖನದ ವಿಷಯವಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಹಳಿಯ ಈ ತುದಿಗೆ, ಬೆಳಗಾವಿಗೆ ಬರೋಣ. 1936ರಲ್ಲಿ ಮೈಸೂರಿನ ಯೋಗಗುರು ಟಿ. ಕೃಷ್ಣಮಾಚಾರ್ಯರು ಶಿಷ್ಯರನ್ನು ಕಟ್ಟಿಕೊಂಡು ನಮ್ಮ ಸೀಮೆಗೆ ಪ್ರದರ್ಶನಕ್ಕೆ ಬಂದರು. ಆ ಗುಂಪಿನಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಒಬ್ಬ ಸಣಕಲು ಹುಡುಗನಿದ್ದ. ಹುಟ್ಟಿದ್ದು 1918ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ಕಾಲದಲ್ಲಿ, ತಾಯಿಗೂ ಆಗ ಅದೇ ಜ್ವರ. ಬೆಳೆಯುವಾಗ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡವನು. ಹೆಸರು ಬಿ.ಕೆ.ಎಸ್. ಅಯ್ಯಂಗಾರ್. ಆಗ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದವರು ಡಾ. ವಿ.ಬಿ. ಗೋಖಲೆ. ಹುಡುಗನ ಆಸನಗಳನ್ನು ನೋಡಿ ವೈದ್ಯರ ಕಣ್ಣು ಅರಳಿತು. ನಿವೃತ್ತರಾಗಿ ಪುಣೆಗೆ ಹೋದ ಮೇಲೆ 1937ರಲ್ಲಿ ಅವನನ್ನು ಅಲ್ಲಿಗೆ ಕರೆಸಿಕೊಂಡರು. ಡಾಕ್ಟರು ಭಾಷಣ ಮಾಡುವುದು, ಹುಡುಗ ಮೈ ಬಗ್ಗಿಸಿ ತೋರಿಸುವುದು. ಇಂದು ಲೋಕವೆಲ್ಲ ಹೇಳುವ "ಅಯ್ಯಂಗಾರ್ ಯೋಗ"ದ ಬೀಜ ಬೆಳಗಾವಿಯಲ್ಲಿ ಬಿತ್ತು ಎಂದರೆ ತಪ್ಪಾಗದು.

ಅಯ್ಯಂಗಾರರು ಪ್ರಾಣಾಯಾಮದ ವಿಷಯದಲ್ಲಿ ಬಹಳ ಹುಷಾರಿ. ಮೊದಲು ಆಸನದಿಂದ ಎದೆ, ಬೆನ್ನು ಗಟ್ಟಿಯಾಗಬೇಕು, ಆಮೇಲಷ್ಟೇ ಉಸಿರಿಗೆ ಕೈ ಹಾಕಬೇಕು ಎನ್ನುತ್ತಿದ್ದರು. ಅದನ್ನೂ ಮೊದಲು ಮಲಗಿಸಿ, ಬೆನ್ನ ಕೆಳಗೆ ಮಡಚಿದ ಕಂಬಳಿ ಇಟ್ಟು ಕಲಿಸುತ್ತಿದ್ದರು. ಮಲಗಿದಾಗ ಬೆನ್ನು ನೆಟ್ಟಗಿಡುವ ಕೆಲಸ ಸ್ನಾಯುಗಳಿಗೆ ಇರುವುದಿಲ್ಲ, ಕುತ್ತಿಗೆ ಸುಮ್ಮನಿರುತ್ತದೆ. ಊರಿನ ಶಿಬಿರಗಳಲ್ಲಿ ಮೊದಲ ದಿನವೇ ನೂರು ಮಂದಿಯನ್ನು ಕೂರಿಸಿ "ಜೋರಾಗಿ, ಇನ್ನೂ ಜೋರಾಗಿ" ಎನ್ನುವುದನ್ನು ವರದಿ ಮಾಡಲು ಹೋದಾಗಲೆಲ್ಲ ನಮಗೆ ಈ ಕಂಬಳಿ ನೆನಪಾಗುತ್ತದೆ.

ಪುಣೆಯಿಂದ ಮುಂಬೈ ಕಡೆಗೆ ಇನ್ನಷ್ಟು ದೂರ ಹೋದರೆ ಲೋಣಾವಳಾ. 1924ರಲ್ಲಿ ಸ್ವಾಮಿ ಕುವಲಯಾನಂದರು ಅಲ್ಲಿ ಕೈವಲ್ಯಧಾಮ ಕಟ್ಟಿದರು. ಸ್ವಾಮಿಗಳೇ ಆದರೂ ಎಕ್ಸ್‌ರೇ, ಗಾಳಿ ಅಳೆಯುವ ಯಂತ್ರ ಇಟ್ಟುಕೊಂಡು ಯೋಗವನ್ನು ಪರೀಕ್ಷೆಗೆ ಒಡ್ಡಿದವರು. "ಯೋಗ ಮೀಮಾಂಸಾ" ಎಂಬ ಪತ್ರಿಕೆಯಲ್ಲಿ ಲೆಕ್ಕ ಸಮೇತ ಬರೆದರು. ಅವರು ಕಂಡುಕೊಂಡ ಒಂದು ಸಂಗತಿ ಇಂದಿಗೂ ಶಿಬಿರಗಳಲ್ಲಿ ಕೇಳಿಬರುವುದಿಲ್ಲ. ಪ್ರಾಣಾಯಾಮ ಮಾಡಿದರೆ ಮೈಗೆ ಬಹಳಷ್ಟು ಹೆಚ್ಚು ಆಮ್ಲಜನಕ ಸಿಗುತ್ತದೆ ಎಂಬ ನಂಬಿಕೆಯನ್ನು ಅವರ ಅಳತೆಗಳು ಎತ್ತಿ ಹಿಡಿಯಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಪ್ರಾಣಾಯಾಮದ ಬೆಲೆ ಬೇರೆ ಕಡೆ ಇದೆ ಎಂದರು.

ಕೋವಿಡ್ ಕಾಲದಲ್ಲಿ ಬೆರಳಿಗೆ ಹಾಕುತ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ? ಆರೋಗ್ಯವಂತರ ಬೆರಳಿಗೆ ಹಾಕಿದರೆ 95ರಿಂದ 99 ತೋರಿಸುತ್ತದೆ. ಅಂದರೆ ರಕ್ತದ ಗಾಡಿ ಆಗಲೇ ತುಂಬಿದೆ, ಎಷ್ಟು ಜಗ್ಗಿದರೂ ಹೆಚ್ಚೇನೂ ಹತ್ತಿಸಲಾಗದು. ಹಾಗಾದರೆ ನಿಧಾನದ ಉಸಿರಿನಿಂದ ಲಾಭವೇನು? ಇಲ್ಲಿ ಒಂದು ಸಣ್ಣ ಗಣಿತ ಇದೆ, ಮಗ್ಗಿ ಬಂದರೆ ಸಾಕು.

ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ವಾಪಸು ಬರುತ್ತದೆ. ಪೈಪಿನಲ್ಲಿ ನಿಂತ ನೀರು ಹೊಲಕ್ಕೆ ಮುಟ್ಟದ ಹಾಗೆ. ನಿಮಿಷಕ್ಕೆ 12 ಸಲ, ಸಲಕ್ಕೆ 500 ಮಿಲಿಲೀಟರ್ ಎಳೆದರೆ ಒಟ್ಟು 6 ಲೀಟರ್. ಅದರಲ್ಲಿ ಶ್ವಾಸಕೋಶದ ಆಳಕ್ಕೆ ಮುಟ್ಟಿದ್ದು 4.2 ಲೀಟರ್. ಗಾಬರಿಯಲ್ಲಿ 24 ಸಲ, ಸಲಕ್ಕೆ 250 ಎಳೆದರೂ ಒಟ್ಟು 6 ಲೀಟರೇ. ಆದರೆ ಮುಟ್ಟಿದ್ದು 2.4 ಮಾತ್ರ. ನಿಧಾನಕ್ಕೆ 6 ಸಲ, ಸಲಕ್ಕೆ ಒಂದು ಲೀಟರ್ ಎಳೆದರೆ 5.1 ಲೀಟರ್ ಮುಟ್ಟುತ್ತದೆ. ನಿಧಾನದ ಉಸಿರಿನಲ್ಲಿ ಪೈಪಿನಲ್ಲಿ ಪೋಲಾಗುವ ಗಾಳಿ ಕಡಿಮೆ, ಅದನ್ನು ವಪೆ ಹೆಚ್ಚು ಹೊತ್ತುಕೊಳ್ಳುವ ಹಾಗೆ ಕಲಿಯಬಹುದು, ಕುತ್ತಿಗೆ ಹೆಗಲುಗಳಿಗೆ ವಿಶ್ರಾಂತಿ. ಲಾಭ ಇಷ್ಟು. ಕಡಿಮೆಯೇನಲ್ಲ, ಪವಾಡವೂ ಅಲ್ಲ.

ಉಸಿರಾಟದ ಒಂದೊಂದು ಪದ್ಧತಿ ಒಂದೊಂದು ಸ್ನಾಯುವಿಗೆ ಪಾಳಿ ಹಚ್ಚುತ್ತದೆ. ಕಪಾಲಭಾತಿ ನೋಡಿ. ಅದರಲ್ಲಿ ದಿನನಿತ್ಯದ ಕ್ರಮವೇ ತಿರುಗಾಮುರುಗಾ. ಹೊಟ್ಟೆಯ ಸ್ನಾಯು ಜಾಡಿಸಿ ಗಾಳಿಯನ್ನು ಹೊರಗೆ ತಳ್ಳುತ್ತದೆ, ಒಳಗೆ ಬರುವುದು ತಾನಾಗಿ. ಭಸ್ತ್ರಿಕೆಯಲ್ಲಿ ಎಳೆಯುವುದಕ್ಕೂ ಬಲ, ಬಿಡುವುದಕ್ಕೂ ಬಲ, ಊರಿನ ಕಮ್ಮಾರನ ತಿದಿಯಂತೆ. ಉಜ್ಜಾಯಿಯಲ್ಲಿ ಗಂಟಲು ಸ್ವಲ್ಪ ಕಿರಿದಾಗುತ್ತದೆ, ಗಾಳಿ ಉಜ್ಜಿಕೊಂಡು ಹೋಗುತ್ತದೆ, ಉಸಿರು ತಾನೇ ನಿಧಾನವಾಗುತ್ತದೆ. ಅತಿ ವೇಗವಾಗಿ, ಆಳವಾಗಿ ಬಹಳ ಹೊತ್ತು ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತವೆ. "ಶಕ್ತಿ ಹರೀಲಿಕತ್ತೈತಿ" ಎಂದು ಅದನ್ನು ಕೆಲವರು ವಿವರಿಸುತ್ತಾರೆ. ಅದು ನಿಲ್ಲಿಸಿ ಎಂದು ಮೈ ಹೇಳುವ ಸೂಚನೆ.

ಇನ್ನೊಂದು ತಪ್ಪು ತಿಳಿವಳಿಕೆ. "ಎದೆ ಉಸಿರಿನಲ್ಲಿ ವಪೆ ಮಲಗಿರುತ್ತದೆ, ಹೊಟ್ಟೆ ಉಸಿರಿನಲ್ಲಿ ಮಾತ್ರ ಏಳುತ್ತದೆ" ಎನ್ನುತ್ತಾರೆ. ಹಾಗಲ್ಲ. ವಪೆ ಎರಡರಲ್ಲೂ ದುಡಿಯುತ್ತದೆ. ಹೊಟ್ಟೆಯ ಸ್ನಾಯು ಸಡಿಲ ಬಿಟ್ಟರೆ ಅದರ ದುಡಿಮೆ ಹೊಟ್ಟೆಯ ಉಬ್ಬಿನಲ್ಲಿ ಕಾಣುತ್ತದೆ, ಹೊಟ್ಟೆ ಬಿಗಿ ಹಿಡಿದರೆ ಪಕ್ಕೆಲುಬು ಅಗಲವಾಗುವುದರಲ್ಲಿ ಕಾಣುತ್ತದೆ. ಗರಡಿಮನೆಯವರಿಗೆ ಇದು ಮೈಮೇಲೆ ಗೊತ್ತು. ಶಾಹೂ ಮಹಾರಾಜರ ಕಾಲದ ಕೊಲ್ಲಾಪುರದ ಕುಸ್ತಿಯ ಗಾಳಿ ನಿಪ್ಪಾಣಿ, ಚಿಕ್ಕೋಡಿ, ಅಥಣಿಯ ತಾಲೀಮುಗಳಿಗೆ ಬೀಸಿದ್ದು ಹಳೆಯ ಕತೆ. ಎದುರಾಳಿಯನ್ನು ಎತ್ತುವಾಗ ಪೈಲ್ವಾನ ಉಸಿರು ಕಟ್ಟುತ್ತಾನೆ. ಆಗ ವಪೆ ಮೇಲಿನಿಂದ, ಹೊಟ್ಟೆ ಮುಂದಿನಿಂದ ಬಿಗಿದು ಬೆನ್ನೆಲುಬಿಗೆ ಕಂಬ ಕೊಟ್ಟ ಹಾಗಾಗುತ್ತದೆ. ಕಬ್ಬಿನ ಗ್ಯಾಂಗಿನವರು ಹೊರೆ ಹೊತ್ತು ಹಲಗೆ ಏರುವಾಗ ಮಾಡುವುದೂ ಅದನ್ನೇ. ಬಿ.ಪಿ. ಇದ್ದವರು ಹಾಗೆ ಬಹಳ ಹೊತ್ತು ಕಟ್ಟಬಾರದು.

ಈಗ ಸುಳೇಭಾವಿ. ಬೆಳಗಾವಿ ಬರುವುದಕ್ಕೆ ಸ್ವಲ್ಪ ಮುಂಚೆ ಸಿಗುವ ಸಣ್ಣ ಸ್ಟೇಷನ್. 1924ರ ಏಪ್ರಿಲ್ 8ರಂದು ಈ ಊರಿನಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಎಂಬ ಕೂಸು ಮುಂದೆ ಪಂಡಿತ ಕುಮಾರ ಗಂಧರ್ವ ಆಯಿತು. ಬಾಲ್ಯದಲ್ಲೇ ದೊಡ್ಡವರ ಹಾಡನ್ನು ಹಾಗೆಹಾಗೇ ಹಾಡಿ ತೋರಿಸಿದ ಹುಡುಗ. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. 1947ರಲ್ಲಿ ಭಾನುಮತಿಯವರೊಂದಿಗೆ ಮದುವೆ. ಆಗಲೇ ಕ್ಷಯ ಹಿಡಿಯಿತು. ಒಣಹವೆ ಒಳ್ಳೆಯದು ಎಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಿದರೆ ಜೀವಕ್ಕೆ ಅಪಾಯ ಎಂದು ವೈದ್ಯರು ಹೇಳಿದರು. ಇಪ್ಪತ್ನಾಲ್ಕರ ಹಾಡುಗಾರ ವರ್ಷಗಟ್ಟಲೆ ಹಾಸಿಗೆಯ ಮೇಲೆ, ಬಾಯಿ ಮುಚ್ಚಿಕೊಂಡು.

ಆ ಕಾಲದ ಕ್ಷಯದ ಚಿಕಿತ್ಸೆ ಕೇಳಿದರೆ ಮೈ ಝುಂ ಅನ್ನುತ್ತದೆ. ಔಷಧ ಇರಲಿಲ್ಲ, ಹಾಗಾಗಿ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವುದೇ ಚಿಕಿತ್ಸೆ. ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿ ರೋಗದ ಶ್ವಾಸಕೋಶವನ್ನು ಕುಗ್ಗಿಸುತ್ತಿದ್ದರು. ಪಕ್ಕೆಲುಬು ಕತ್ತರಿಸುತ್ತಿದ್ದರು. ಕೆಲವು ದೇಶಗಳಲ್ಲಿ ಕುತ್ತಿಗೆಯಲ್ಲಿ ಹಾದುಹೋಗುವ ವಪೆಯ ನರವನ್ನೇ ಹಿಸುಕಿ, ಆ ಬದಿಯ ವಪೆ ದುಡಿಯದ ಹಾಗೆ ಮಾಡುತ್ತಿದ್ದರು. ಹಾಡುಗಾರರು ವರ್ಷಗಟ್ಟಲೆ ಪಳಗಿಸಿದ ಸ್ನಾಯುವನ್ನು ವೈದ್ಯರು ಬೇಕೆಂದೇ ನಿಲ್ಲಿಸುತ್ತಿದ್ದ ಕಾಲ ಅದು. ನಮ್ಮ ಭಾಗದ ಎಷ್ಟೋ ಹಿರಿಯರು ಮೀರಜ–ಸಾಂಗ್ಲಿ ನಡುವಿನ ವಾನ್ಲೆಸ್‌ವಾಡಿಯ ಹೆಸರನ್ನು ದನಿ ತಗ್ಗಿಸಿಯೇ ಹೇಳುತ್ತಾರೆ. ಅಲ್ಲಿಗೆ ಹೋದರು ಎಂದರೆ ಕ್ಷಯ ಎಂದೇ ಅರ್ಥ.

ಕುಮಾರರನ್ನು ಉಳಿಸಿದ್ದು ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದಲ್ಲಿ ಮಣ್ಣಿನ ಜೀವಾಣುವಿನಿಂದ ಕಂಡುಹಿಡಿದ ಔಷಧ ನಮ್ಮ ದೇಶಕ್ಕೂ ಬಂತು. ಭಾನುಮತಿಯವರ ಆರೈಕೆ ಇತ್ತು. ರೋಗ ಹೋಯಿತು, ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. 1953ರ ಹೊತ್ತಿಗೆ ಅವರು ಮತ್ತೆ ವೇದಿಕೆ ಏರಿದರು. 1992ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಸುಮಾರು ನಲವತ್ತು ವರ್ಷ.

ಅವರ ಧ್ವನಿಮುದ್ರಿಕೆ ಫೋನಿನಲ್ಲೇ ಸಿಗುತ್ತದೆ, ಕೇಳಿ. ಭೀಮಸೇನರ ಹಾಗೆ ಉದ್ದುದ್ದ ಎಳೆ ಅಲ್ಲ. ಚಿಕ್ಕ ಚಿಕ್ಕ ತುಣುಕು, ಮಿಂಚಿ ನಿಲ್ಲುವ ಸ್ವರ, ನಡುವೆ ಮೌನ. ಉಸಿರು ಸಾಲದ್ದಕ್ಕೆ ಹೀಗೆ ಹಾಡಿದರು ಎನ್ನುವವರು ಬಹಳ. ಈ ಮಾತು ನಮಗೆ ಅರ್ಧ ಮಾತ್ರ ಒಪ್ಪಿಗೆ. ಚೀಲ ಅರ್ಧವಾದಾಗ ಸ್ನಾಯು ಎಷ್ಟು ಗಟ್ಟಿಯಿದ್ದರೂ ಸಿಗುವ ಗಾಳಿ ಕಡಿಮೆ, ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದಷ್ಟೇ ಕೈಯಲ್ಲಿ ಉಳಿಯುತ್ತದೆ. ಅದು ನಿಜ. ಆದರೆ ಎಲ್ಲಿ ನಿಲ್ಲಬೇಕು ಎಂದು ಆರಿಸಿದ್ದು ಅವರ ಬುದ್ಧಿ. ಹಾಸಿಗೆಯ ಮೇಲೆ ಮಲಗಿ ಕೇಳಿದ ಮಾಳವಾ ಸೀಮೆಯ ಜನಪದ ಹಾಡು ಅವರ ಗಾಯನದೊಳಗೆ ಬಂದದ್ದು ಶ್ವಾಸಕೋಶದ ಲೆಕ್ಕದಿಂದಲ್ಲ. ಮತ್ತೆ, ಉಸಿರಿನ ಕಲೆ ಅವರ ಹಾಡನ್ನು ಉಳಿಸಿತು, ಜೀವ ಉಳಿಸಿದ್ದು ಔಷಧ. ಕೆಮ್ಮು ಎರಡು ವಾರ ದಾಟಿದವರನ್ನು ಕಫ ಪರೀಕ್ಷೆಗೆ ಕಳಿಸುವ ಬದಲು ಪ್ರಾಣಾಯಾಮಕ್ಕೆ ಕಳಿಸುವವರು ಈಗಲೂ ಇರುವುದರಿಂದ ಇದನ್ನು ಒತ್ತಿ ಬರೆಯುತ್ತಿದ್ದೇವೆ.

ಹಳಿ ಹೋಗದ ಒಂದು ಊರು ಉಳಿಯಿತು, ನಿಪ್ಪಾಣಿ. ತಂಬಾಕಿನ ಪೇಟೆ. 1981ರ ಏಪ್ರಿಲ್ 6ರಂದು ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತ ತಂಬಾಕು ರೈತರ ಮೇಲೆ ಪೊಲೀಸರ ಗುಂಡು ಹಾರಿದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ಅದೇ ಹೊತ್ತಿನಲ್ಲಿ ವಖಾರಗಳ ಒಳಗೆ ಇನ್ನೊಂದು ಹೋರಾಟ ನಡೆದಿತ್ತು. ತಂಬಾಕು ಕುಟ್ಟಿ, ಜರಡಿ ಹಿಡಿಯುವ ಹೆಣ್ಣುಮಕ್ಕಳು ಸುಭಾಷ ಜೋಶಿಯವರ ಜೊತೆ ಸೇರಿ ಸಂಘ ಕಟ್ಟಿದರು. ಯುಗಾಂತರ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿತು. ಅದರಲ್ಲಿ ಕಾಣುವುದು ಮೊದಲು ದೂಳು, ಆಮೇಲೆ ಮುಖ.

ಆ ದೂಳಿನಲ್ಲಿ ಉಸಿರಿನ ಯಾವ ಪದ್ಧತಿ ಹೇಳಿಕೊಡುತ್ತೀರಿ? ಮೂಗು ದಪ್ಪ ಕಣಗಳನ್ನಷ್ಟೇ ಹಿಡಿಯುತ್ತದೆ. ಆಳವಾಗಿ ಎಳೆದರೆ ಸಣ್ಣ ದೂಳು ಆಳಕ್ಕೇ ಹೋಗುತ್ತದೆ. ಸೆರಗು ಬಿಗಿಯಾಗಿ ಕಟ್ಟಿದರೆ ಎಳೆಯುವ ಸ್ನಾಯುಗಳಿಗೆ ಹೊರೆ, ಕೆಲಸದ ಭರದಲ್ಲಿ ಅದು ಜಾರುತ್ತದೆ. ಶ್ವಾಸನಾಳ ಕಿರಿದಾದವರ ಕುತ್ತಿಗೆಯ ಸ್ನಾಯು ಕೂತಲ್ಲೇ ಬಿಗಿಯುವುದನ್ನು ನೋಡಿದರೆ ಸಾಕು, ಕಷ್ಟಕಾಲದ ಆಳುಗಳು ದಿನದ ಪಾಳಿಗೆ ಬಂದಿವೆ ಎಂದು ಗೊತ್ತಾಗುತ್ತದೆ. ತುಟಿ ಕಿರಿದು ಮಾಡಿ, ದೀಪ ಆರದ ಹಾಗೆ ನಿಧಾನಕ್ಕೆ ಊದಿ ಬಿಡುವುದನ್ನು ವೈದ್ಯರು ಅಂಥವರಿಗೆ ಕಲಿಸುತ್ತಾರೆ, ಅದರಿಂದ ದಮ್ಮು ಸ್ವಲ್ಪ ಇಳಿಯುತ್ತದೆ. ಆದರೆ ಆ ಹೆಣ್ಣುಮಕ್ಕಳು ಸಂಘ ಕಟ್ಟಿ ಕೇಳಿದ್ದು ಉಸಿರಾಟದ ತರಬೇತಿಯನ್ನಲ್ಲ, ನ್ಯಾಯವಾದ ಕೂಲಿ ಮತ್ತು ಮನುಷ್ಯರಂತೆ ಕೆಲಸ ಮಾಡುವ ಜಾಗವನ್ನು.

ನಮ್ಮ ಅಜ್ಜ ಆ ವರ್ಷ ಚೇತರಿಸಿಕೊಂಡರು. ಐದನೇ ದಿನದಿಂದ ಸರಿಯಾಗಿ ಜಗ್ಗಿ ಎರಡು ಗುಂಡು ಏರಿಸುತ್ತಿದ್ದರು, ಮೂರನೆಯದು ಏರಲೇ ಇಲ್ಲ. ಡಬ್ಬಿ ಈಗಲೂ ಜಗಲಿಯ ಗೂಡಿನಲ್ಲಿದೆ. ಮೊಮ್ಮಕ್ಕಳು ಬಂದಾಗ ಮೂರೂ ಏರಿಸಿ ಕುಣಿಯುತ್ತಾರೆ, ಅಜ್ಜ ಕೂತಲ್ಲಿಂದಲೇ ಕೂಗುತ್ತಾರೆ: "ಊದಬ್ಯಾಡ್ರಲೇ, ಜಗ್ಗ್ರಿ!"